ಮೊದಲು ಓದಿ, ಆಮೇಲೆ ಹಾಡಿ: ಆರಾಧನಾ ಗೀತೆಯನ್ನು ತೂಗಿ ನೋಡುವ ಬಗೆ

ಹೊಸ ಕ್ರೈಸ್ತ ಆರಾಧನಾ ಗೀತೆ ಕೈಗೆ ಬಂದಾಗ ರಾಗವನ್ನು ಮೊದಲು ಕೇಳಬೇಡಿ. ರಾಗ ಒಮ್ಮೆ ಕಿವಿಗೆ ಹತ್ತಿತೆಂದರೆ ಸಾಲಿನ ತಪ್ಪು ಕಾಣುವುದಿಲ್ಲ. ಸಾಹಿತ್ಯವನ್ನು ಕಾಗದಕ್ಕಿಳಿಸಿ, ಗದ್ಯದಂತೆ ಎರಡು ಸಲ ಗಟ್ಟಿಯಾಗಿ ಓದಿ.

ಮೊದಲ ಓದಿನಲ್ಲಿ ಕ್ರಿಯಾಪದಗಳಿಗಷ್ಟೇ ಗೆರೆ ಎಳೆಯಿರಿ. ‘ಬರುವೆ, ಹಾಡುವೆ, ಅರ್ಪಿಸುವೆ’ ಎಂದು ಎಲ್ಲವೂ ‘ನಾನು’ ಮಾಡುವುದೇ ಆಗಿದ್ದರೆ ಅದು ಭಕ್ತನ ಕುರಿತ ಹಾಡು. ದೇವರು ಮಾಡಿದ್ದೇನು ಎಂಬುದು ಒಂದು ಚರಣದಲ್ಲಾದರೂ ಬರಬೇಕು. ಬೈಬಲಿನ ಫಿಲಿಪ್ಪಿ 2:6–11 ಒಳ್ಳೆಯ ಅಳತೆಗೋಲು: ಕ್ರಿಸ್ತನು ತಗ್ಗಿದ್ದು, ಶಿಲುಬೆಯ ಮರಣ, ದೇವರು ಆತನನ್ನು ಏರಿಸಿದ್ದು, ಎಲ್ಲವೂ ಆರೇ ವಚನಗಳಲ್ಲಿ.

ಎರಡನೆಯ ಓದಿನಲ್ಲಿ ‘ನೀನು’ ಯಾರೆಂದು ಹಿಂಬಾಲಿಸಿ. ಹಾಡುಗಳು ಸುಲಭವಾಗಿ ಎಡವುವುದು ಇಲ್ಲಿ. ‘ತಂದೆಯೇ’ ಎಂದು ಶುರುವಾಗಿ ಮೂರನೆಯ ಸಾಲಿಗೆ ‘ಶಿಲುಬೆಯಲ್ಲಿ ಪ್ರಾಣ ಕೊಟ್ಟೆ’ ಎಂದರೆ ತಂದೆ, ಮಗನೆಂಬ ಭೇದವೇ ಅಳಿಸಿಹೋಯಿತು. 3ನೇ ಶತಮಾನದಲ್ಲೇ ಸಭೆ ತಳ್ಳಿಹಾಕಿದ ಬೋಧನೆಯಿದು. ಬರೆದವರು ಪ್ರಾಸಕ್ಕಾಗಿ ಜಾರಿರಬಹುದು, ಆದರೆ ಹಾಡುವವರ ಬಾಯಲ್ಲಿ ಅದೇ ಪಾಠವಾಗಿ ಉಳಿಯುತ್ತದೆ. ರೂಪಕಗಳನ್ನು ಮಾತ್ರ ಈ ಕಟ್ಟುನಿಟ್ಟಿಗೆ ಒಡ್ಡಬೇಡಿ. ದೇವರನ್ನು ಬಂಡೆ ಎಂದ ಬೈಬಲಿನ ಕೀರ್ತನೆಗಾರನಿಗೆ ಕಲ್ಲಿನ ಗುಣಗಳೆಲ್ಲ ಬೇಕಿರಲಿಲ್ಲ.

ಇನ್ನು ರಾಗ. ಪದ ಬಿಟ್ಟು ಗುನುಗಿ. ಎಲ್ಲರೂ ಕೂಡಿ ಹಾಡಲು ಒಂದು ಅಷ್ಟಕ (ಒಂದು ‘ಸ’ದಿಂದ ಮೇಲಿನ ‘ಸ’ದವರೆಗೆ), ಮೇಲೆ ಒಂದೆರಡು ಸ್ವರ ಸಾಕು. ಅದಕ್ಕಿಂತ ಹಿಗ್ಗಿದರೆ ಸಭೆ ಸುಮ್ಮನಾಗಿ ವೇದಿಕೆಯಷ್ಟೇ ಹಾಡುತ್ತದೆ. ಆಮೇಲೆ ಪದ ಸೇರಿಸಿ, ಅತಿ ಎತ್ತರದ ಸ್ವರ ಯಾವ ಮಾತಿನ ಮೇಲೆ ಕೂತಿದೆ ನೋಡಿ. ‘ಎದ್ದನು’ ಎಂಬಲ್ಲಿ ಶಿಖರ ಮುಟ್ಟಿದರೆ ರಾಗವೂ ಪುನರುತ್ಥಾನವನ್ನು ಸಾರುತ್ತದೆ. ‘ಮತ್ತು’ ಎಂಬಲ್ಲಿ ಮುಟ್ಟಿದರೆ ದಂಡ.

ಪರಭಾಷೆಯ ರಾಗಕ್ಕೆ ಕೂರಿಸಿದ ಕನ್ನಡ ಸಾಹಿತ್ಯದಲ್ಲಿ ಇನ್ನೊಂದು ತೊಡಕು ಲಘು-ಗುರುವಿನದು. ಲಘುವನ್ನು ಎಳೆದರೆ ‘ನಿನ್ನ ಬಲ’ ಹೋಗಿ ‘ನಿನ್ನ ಬಾಲ’ ಆಗುತ್ತದೆ. ನಗು ತಡೆದುಕೊಂಡು ಯಾರೂ ಆರಾಧಿಸಲಾರರು. ಇದಕ್ಕೆ ಮದ್ದು, ಉದ್ದ ಸ್ವರದ ಜಾಗಕ್ಕೆ ದೀರ್ಘಾಕ್ಷರವಿರುವ ಪದವನ್ನೇ ತರುವುದು.

ಪುನರಾವರ್ತನೆಯೇ ದೋಷವಲ್ಲ. 136ನೇ ಕೀರ್ತನೆಯ 26 ವಚನಗಳಲ್ಲೂ ಒಂದೇ ಪಲ್ಲವಿಯಿದೆ, ಆದರೆ ಪ್ರತಿ ಸಲವೂ ಅದಕ್ಕೆ ಮುಂಚೆ ಹೊಸ ಮಾತಿದೆ. ಮಾತು ಹೊಸದಾಗದೆ ವಾದ್ಯದ ಸದ್ದಷ್ಟೇ ಏರುತ್ತಿದ್ದರೆ ಸಂಶಯಪಡಿ. ವಾದ್ಯವಿಲ್ಲದೆ ಒಮ್ಮೆ ಹಾಡಿದರೆ, ನಿಮಗೆ ಹಿಡಿಸಿದ್ದು ಹಾಡೋ ಡ್ರಮ್ಮೋ ಗೊತ್ತಾಗುತ್ತದೆ. ಹಾಡಿದ ವಿಷಯಕ್ಕಿಂತ ಹಾಡುವ ದನಿಯೇ ಹೆಚ್ಚು ಕಲಕಿದಾಗ ಅದು ಪಾಪವೆಂದು ಆದಿ ಸಭೆಯ ಬಿಷಪ್ ಅಗಸ್ಟೀನನು ಒಪ್ಪಿಕೊಂಡನು. ಆದರೂ ಸಭೆಯಲ್ಲಿ ಹಾಡು ಇರಲೆಂದೇ ಅವನ ಒಲವು.

ದುಃಖಕ್ಕೂ ಜಾಗ ಬೇಕು. 88ನೇ ಕೀರ್ತನೆ ಕತ್ತಲಲ್ಲೇ ಮುಗಿಯುತ್ತದೆ. ನಿಮ್ಮ ಹತ್ತು ಹಾಡುಗಳಲ್ಲಿ ಒಂದಾದರೂ ಪ್ರಲಾಪವಿರಲಿ.

ತಪ್ಪು ಒಂದು ಚರಣದಲ್ಲಿದ್ದರೆ ಅದನ್ನು ಬಿಟ್ಟು ಹಾಡಿ. ಸಾಲು ತಿದ್ದುವುದಾದರೆ, ಹಕ್ಕುಸ್ವಾಮ್ಯವಿರುವ ಹಾಡಿಗೆ ಅನುಮತಿ ಪಡೆಯಿರಿ. ಪಲ್ಲವಿಯೇ ತಪ್ಪಿದ್ದರೆ ಹಾಡನ್ನೇ ಕೈಬಿಡಿ, ಪ್ರತಿ ಚರಣದ ಬಳಿಕವೂ ಅದು ಮರಳಿ ಬರುತ್ತದೆ.