ಹಳೇ ಶೆಡ್ಡಿಗೆ ಹೊಸ ಬೆಳಕು: ಚೋಕು ಕಿತ್ತು ಎಲ್‌ಇಡಿ ಹಾಕುವ ಮುನ್ನ

ಲೇತು, ಡ್ರಿಲ್ಲಿಂಗ್ ಮಷೀನು, ಗ್ರೈಂಡರ್ ಇರುವ ಶೆಡ್ಡಿನಲ್ಲಿ ಟ್ಯೂಬ್‌ಲೈಟ್ ಬದಲಿಸುವುದು ಮನೆಯಲ್ಲಿ ಬದಲಿಸಿದಷ್ಟು ಸಲೀಸಲ್ಲ. ಬಿಲ್ಲು ಇಳಿಯುವುದೇನೋ ಖಂಡಿತ. 36 ವ್ಯಾಟ್‌ನ ಟ್ಯೂಬು ತಾಮ್ರದ ಚೋಕಿನ ನಷ್ಟವೂ ಸೇರಿ 50 ವ್ಯಾಟ್‌ನ ಹತ್ತಿರ ಎಳೆಯುತ್ತದೆ. ಅದರ ಜಾಗಕ್ಕೆ 20 ವ್ಯಾಟ್‌ನ ಎಲ್‌ಇಡಿ ಸಾಕು. ಆದರೆ ತಿರುಗುವ ಯಂತ್ರ ಇರುವ ಕಡೆ ಮೊದಲು ನೋಡಬೇಕಾದ್ದು ಬೆಳಕಿನ ಮಿಣುಕು.

ನಮ್ಮ ಕರೆಂಟು 50 ಹರ್ಟ್ಸ್, ಅಂದರೆ ಸೆಕೆಂಡಿಗೆ 50 ಆವರ್ತ, ಪ್ರತಿ ಆವರ್ತದಲ್ಲೂ ಎರಡು ಸಲ ಸೊನ್ನೆಗೆ ಇಳಿಯುತ್ತದೆ. ಕಳಪೆ ಎಲ್‌ಇಡಿ ಸೆಕೆಂಡಿಗೆ 100 ಸಲ ಆರಿ ಹತ್ತುತ್ತದೆ, ಬರಿಗಣ್ಣಿಗೆ ಗೊತ್ತಾಗುವುದಿಲ್ಲ. ಲೇತಿನಲ್ಲಿ ಕೆಲಸದ ತುಂಡನ್ನು ಹಿಡಿದು ತಿರುಗುವ ಭಾಗ ಚಕ್, ಅದರ ಹಿಡಿತದ ಹಲ್ಲುಗಳು ಜಾ. ನಾಲ್ಕು ಜಾ ಇರುವ ಚಕ್ 1500 ಆರ್‌ಪಿಎಂನಲ್ಲಿ (ನಿಮಿಷಕ್ಕೆ 1500 ಸುತ್ತು) ಸೆಕೆಂಡಿಗೆ 25 ಸುತ್ತು ಹಾಕುತ್ತದೆ. ಅಂದರೆ ಪ್ರತಿ ಮಿಣುಕಿಗೂ ಒಂದು ಜಾ ಸರಿಯಾಗಿ ಹಿಂದಿನದರ ಜಾಗಕ್ಕೆ ಬಂದಿರುತ್ತದೆ, ಚಕ್ ನಿಂತೇ ಇದೆ ಅನ್ನಿಸುತ್ತದೆ. ಮೂರು ಜಾ ಚಕ್‌ಗೆ ಇದೇ ಆಟ 2000 ಆರ್‌ಪಿಎಂನಲ್ಲಿ. ಪಕ್ಕದ ಮಷೀನಿನ ಸದ್ದಿನಲ್ಲಿ ಮೋಟಾರಿನ ಸದ್ದು ಮುಚ್ಚಿಹೋಗಿದ್ದರೆ ಕೈ ಚಾಚಲು ಅಷ್ಟು ಸಾಕು. ಚೋಕಿನ ಟ್ಯೂಬಿನಲ್ಲೂ ಈ ದೋಷ ಇತ್ತು. ಗಾಜಿನೊಳಗಿನ ಬಿಳಿ ಲೇಪ ಹೊಳಪನ್ನು ಕ್ಷಣಕಾಲ ಹಿಡಿದಿಡುತ್ತಿದ್ದರಿಂದ ಇಷ್ಟು ಜೋರಾಗಿರಲಿಲ್ಲ.

ಅಂಗಡಿಯಲ್ಲೇ ಪರೀಕ್ಷೆ ಮಾಡಿ. ಫೋನಿನ ಕ್ಯಾಮೆರಾವನ್ನು ಪ್ರೊ ಮೋಡ್‌ಗೆ ಹಾಕಿ, ಶಟರ್ 1/1000ಕ್ಕೆ ಇಟ್ಟು, ಹತ್ತಿಸಿದ ಲೈಟಿಗೆ ಹಿಡಿಯಿರಿ. ಪರದೆಯ ಮೇಲೆ ಕಪ್ಪು ಪಟ್ಟೆಗಳು ಎದ್ದರೆ ವಾಪಸ್ ಕೊಡಿ. ಡಬ್ಬಿಯ ಮೇಲೆ ‘ಫ್ಲಿಕರ್ ಫ್ರೀ’ ಎಂದು ಅಚ್ಚಾಗಿದ್ದರೂ ನಂಬಬೇಡಿ, ಪಟ್ಟೆ ನೋಡಿ. ಬಣ್ಣ 5000ದಿಂದ 6500 ಕೆಲ್ವಿನ್, ಸಿಆರ್‌ಐ (ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬ ಅಳತೆ) 80ಕ್ಕಿಂತ ಮೇಲೆ ಇರಲಿ. ಉಳಿಗೆ ಹದ ಕೊಡುವವರಿಗೆ ಇದು ಮುಖ್ಯ: ಉಕ್ಕು 230 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ ಒಣಹುಲ್ಲಿನ ಬಣ್ಣಕ್ಕೆ, 300ರ ಹೊತ್ತಿಗೆ ನೀಲಿಗೆ ತಿರುಗುವುದನ್ನು ಕೆಟ್ಟ ಬೆಳಕು ಮರೆಮಾಚುತ್ತದೆ.

ಎಷ್ಟು ಬೇಕು?

20x30 ಅಡಿ ಶೆಡ್ಡು ಎಂದರೆ ಸುಮಾರು 56 ಚದರ ಮೀಟರ್. ಸಾಮಾನ್ಯ ಕೆಲಸಕ್ಕೆ 300 ಲಕ್ಸ್, ಅಂದರೆ ಚದರ ಮೀಟರಿಗೆ 300 ಲುಮೆನ್ ಬೆಳಕು ಹಿಡಿದರೆ 16,800 ಲುಮೆನ್. ಗೋಡೆ ಕರಿ ಹಿಡಿದಿರುತ್ತದೆ, ದೂಳು ಕೂರುತ್ತದೆ. ಹಾಗಾಗಿ ಕೆಲಸದ ಜಾಗಕ್ಕೆ ಸೇರುವುದು ಲೈಟಿನ ಬೆಳಕಿನ ಅರ್ಧಕ್ಕಿಂತ ತುಸು ಕಮ್ಮಿ ಎಂದಿಟ್ಟು ಅದನ್ನು 0.48ರಿಂದ ಭಾಗಿಸಿ, 35,000. ತಲಾ 2000 ಲುಮೆನ್‌ನ 20 ವ್ಯಾಟ್ ಲೈಟು 18 ಬೇಕು. ಗೋಡೆಗೆ ಸುಣ್ಣ ಹೊಡೆಸಿದರೆ ಎರಡು ಮೂರು ಕಮ್ಮಿಯಾದರೂ ನಡೆದೀತು. ಸೂಕ್ಷ್ಮ ಅಳತೆಯ ಕೆಲಸಕ್ಕೆ ಬೇಕಾಗುವ 500 ಲಕ್ಸನ್ನು ಇಡೀ ಶೆಡ್ಡಿಗೆ ಕೊಡುವ ಬದಲು ಲೇತಿಗೊಂದು 24 ವೋಲ್ಟ್‌ನ ಮಷೀನ್ ಲ್ಯಾಂಪ್ ಕಟ್ಟಿ.

ಕಿತ್ತು ಹಾಕುವುದು

ಮೇನ್ ಆಫ್ ಮಾಡಿ, ಟೆಸ್ಟರ್ ಹಚ್ಚಿ ನೋಡಿ, ಆಮೇಲೆ ಏಣಿ ಹತ್ತಿ. ಹಳೇ ಪಟ್ಟಿಯೊಳಗೆ (ಟ್ಯೂಬು ಕೂರಿಸುವ ಚೌಕಟ್ಟು) ಕೆಪಾಸಿಟರ್ ಇದ್ದರೆ ಸ್ವಿಚ್ ಆರಿಸಿದ ಮೇಲೂ ಅದರಲ್ಲಿ ಚಾರ್ಜ್ ಉಳಿದಿರಬಹುದು, ಬರಿಗೈಲಿ ಮುಟ್ಟಬೇಡಿ. ಟ್ಯೂಬುಗಳನ್ನು ಒಡೆಯದೆ ಇಳಿಸಿ. ಒಳಗೆ ಪಾದರಸ ಇದೆ. ಮಾಮೂಲಿ ಕಸಕ್ಕೆ ಹಾಕದೆ ಇ-ತ್ಯಾಜ್ಯದವರಿಗೆ ಕೊಡಿ. ಚೋಕು ಬೇಕಾದರೆ ಗುಜರಿಗೆ, ತಾಮ್ರಕ್ಕೆ ಬೆಲೆ ಇದೆ.

ಹಳೇ ಪಟ್ಟಿಯಲ್ಲೇ ಎಲ್‌ಇಡಿ ಟ್ಯೂಬು ಕೂರಿಸುವುದು ಅಗ್ಗ, ಆದರೆ ನಾವು ಅದನ್ನು ಒಪ್ಪುವುದಿಲ್ಲ. ಚೋಕು, ಸ್ಟಾರ್ಟರ್ ತೆಗೆದು ಒಂದೇ ತುದಿಯ ಹೋಲ್ಡರಿಗೆ ಫೇಸು, ನ್ಯೂಟ್ರಲ್ ಎರಡನ್ನೂ ಕೊಟ್ಟಿರುತ್ತೀರಿ. ಎರಡು ವರ್ಷ ಬಿಟ್ಟು ಯಾರೋ ಮೂಲೆಯಲ್ಲಿದ್ದ ಹಳೇ ಟ್ಯೂಬು ತಂದು ಅದರಲ್ಲಿ ಸಿಕ್ಕಿಸುತ್ತಾರೆ. ಫಿಲಮೆಂಟಿಗೆ ನೇರ 230 ವೋಲ್ಟ್ ಬಿದ್ದು ಢಮಾರ್. ಎರಡೂ ತುದಿಗೆ ಕರೆಂಟು ಕೊಡುವ ಬಗೆ ಇನ್ನೂ ಕೆಟ್ಟದ್ದು: ಒಂದು ತುದಿ ಸಿಕ್ಕಿಸುವಾಗ ಇನ್ನೊಂದು ತುದಿಯ ಪಿನ್ನು ಕೈಯಲ್ಲಿರುತ್ತದೆ, ಶಾಕ್ ಹೊಡೆಯಬಹುದು. ಪೂರ್ತಿ ಹೊಸ ಪಟ್ಟಿಯನ್ನೇ ಹಾಕಿ. ಗ್ರೈಂಡರ್ ಇರುವ ಕಡೆ ಐಪಿ65 ಗುರುತಿನ, ದೂಳು ನುಗ್ಗದಂತೆ ಮುಚ್ಚಿದ ಪಟ್ಟಿ ಬೇಕು, ಕಬ್ಬಿಣದ ಪುಡಿ ಕರೆಂಟು ಹರಿಸುತ್ತದೆ. ಲೋಹದ ಪಟ್ಟಿಗೆ ಅರ್ತ್ ತಪ್ಪಿಸಬೇಡಿ.

ಮೂರು ಫೇಸ್ ಇದ್ದರೆ ಅಕ್ಕಪಕ್ಕದ ಲೈಟುಗಳನ್ನು ಬೇರೆ ಬೇರೆ ಫೇಸಿಗೆ ಹಂಚುವುದು ಹಳೇ ಉಪಾಯ. ಒಂದು ಮಂಕಾದಾಗ ಇನ್ನೊಂದು ಬೆಳಗುತ್ತದೆ. ಆದರೆ ನ್ಯೂಟ್ರಲ್ ಬಿಗಿಯಾಗಿರಬೇಕು. ನ್ಯೂಟ್ರಲ್ ಕಳಚಿದರೆ ಕೆಲವು ಲೈಟಿಗೆ 400 ವೋಲ್ಟ್‌ನಷ್ಟು ನುಗ್ಗಿ, ಎಲ್‌ಇಡಿಗೆ ಕರೆಂಟನ್ನು ಹದಮಾಡಿ ಕೊಡುವ ಡ್ರೈವರ್‌ಗಳು ಒಟ್ಟಿಗೆ ಸುಟ್ಟುಹೋಗುತ್ತವೆ. ‘ಎಲ್‌ಇಡಿ ಬಾಳಿಕೆ ಬರಲ್ಲ’ ಎಂಬ ದೂರಿನ ಹಿಂದೆ ಹಲವು ಸಲ ಇರುವುದು ಸಡಿಲಾದ ಒಂದು ಸ್ಕ್ರೂ. 440 ವೋಲ್ಟ್ ತಡೆಯುವ, 4 ಕಿಲೋವೋಲ್ಟ್ ಸರ್ಜ್ ರಕ್ಷಣೆ ಇರುವ ಪಟ್ಟಿ ಕೇಳಿ. ವೆಲ್ಡಿಂಗ್ ಸೆಟ್ಟಿನ ಲೈನಿನಿಂದ ಲೈಟುಗಳನ್ನು ಬೇರೆ ಮಾಡಿ. ಸ್ವಿಚ್ ಹಾಕಿದ ಕ್ಷಣ ಎಂಸಿಬಿ ಬಿದ್ದರೆ ಹೆಚ್ಚಾಗಿ ಅದಕ್ಕೆ ಕಾರಣ ಡ್ರೈವರ್‌ಗಳೆಲ್ಲ ಒಮ್ಮೆಲೇ ಎಳೆಯುವ ಕರೆಂಟು. ಬೇಗ ಬೀಳುವ ಬಿ ಕರ್ವ್ ಎಂಸಿಬಿ ತೆಗೆದು, ಕ್ಷಣದ ಎಳೆತವನ್ನು ತಾಳುವ 6 ಆಂಪಿಯರ್‌ನ ಸಿ ಕರ್ವ್ ಹಾಕಿ.

ಕೊನೆಗೆ ಚಕ್ ಮೇಲೆ ಸೀಮೆಸುಣ್ಣದಲ್ಲಿ ಮಧ್ಯದಿಂದ ಅಂಚಿಗೆ ಒಂದೇ ಗೆರೆ ಎಳೆದು, ಗಾರ್ಡ್ ಮುಚ್ಚಿ, 1500ರ ಹತ್ತಿರ ಓಡಿಸಿ. ಬೂದು ವೃತ್ತ ಕಂಡರೆ ಸರಿ. ನಾಲ್ಕು ಗೆರೆ ಕೂಡುವ ಚಿಹ್ನೆಯಂತೆ (+) ನಿಂತರೆ, ಅಥವಾ ನಿಧಾನಕ್ಕೆ ಹಿಂದೆ ತೆವಳಿದರೆ, ಆ ಲೈಟು ಆ ಮಷೀನಿನ ಮೇಲೆ ಬೇಡ.

ಜನರೇಟರ್ ಬದಲಿಗೆ

18 ಲೈಟಿಗೆ ಮೊದಲು 900 ವ್ಯಾಟ್ ಇದ್ದ ಹೊರೆ ಈಗ 360 ವ್ಯಾಟ್. ಕರೆಂಟು ಹೋದಾಗ ಇಷ್ಟಕ್ಕೆ ಪೆಟ್ರೋಲ್ ಸುಟ್ಟು ಹೊಗೆ ಕುಡಿಯಬೇಕಿಲ್ಲ. 12.8 ವೋಲ್ಟ್, 100 ಆಂಪಿಯರ್ ಅವರ್‌ನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಇದನ್ನು ಸುಮಾರು ಎರಡೂವರೆ ಗಂಟೆ ಎಳೆಯುತ್ತದೆ, ಒಂದು ಸಾಲು ಬಿಟ್ಟು ಒಂದು ಹತ್ತಿಸಿದರೆ ಐದು. ಹಳೇ ಇನ್ವರ್ಟರಿಗೇ ಸಿಕ್ಕಿಸಲು ಹೋಗಬೇಡಿ. ಲೆಡ್ ಆಸಿಡ್‌ಗೆ ಮಾಡಿದ ಚಾರ್ಜರ್ 14.8 ವೋಲ್ಟ್‌ಗೂ ಮೇಲೇರಬಹುದು, ಲಿಥಿಯಂಗೆ 14.4 ಸಾಕು, ಮೀರಿದರೆ ಬ್ಯಾಟರಿಯೊಳಗಿನ ರಕ್ಷಣಾ ಸರ್ಕ್ಯೂಟ್ (ಬಿಎಂಎಸ್) ಬ್ಯಾಟರಿಯ ಸಂಪರ್ಕವನ್ನೇ ಕಡಿದುಹಾಕುತ್ತದೆ. ಲಿಥಿಯಂ ಮೋಡ್ ಇರುವ ಪ್ಯೂರ್ ಸೈನ್‌ವೇವ್ ಇನ್ವರ್ಟರ್ ತನ್ನಿ. ಮಷೀನುಗಳಿಗಾಗಿ ಜನರೇಟರ್ ಉಳಿಸಿಕೊಳ್ಳುವುದಾದರೆ ನ್ಯೂಟ್ರಲನ್ನೂ ಕಡಿಯುವ ಚೇಂಜ್‌ಓವರ್ ಸ್ವಿಚ್ (ಹೊರಗಿನ ಲೈನು ಇಲ್ಲವೇ ಜನರೇಟರ್, ಒಂದನ್ನೇ ಜೋಡಿಸುವಂಥದ್ದು) ಮೂಲಕವೇ ಕೊಡಿ. ಪ್ಲಗ್ ಪಾಯಿಂಟಿನಿಂದ ಹಿಂದಕ್ಕೆ ಕೊಟ್ಟ ಕರೆಂಟು ಹೊರಗಿನ ಕಂಬದಲ್ಲಿ ಕೆಲಸ ಮಾಡುತ್ತಿರುವ ಲೈನ್‌ಮನ್‌ವರೆಗೂ ಹೋಗುತ್ತದೆ.