ಅಡಿಸ್ ಅಬಾಬಾಕ್ಕೆ ಬರ್ತಿದ್ದೀರಾ? ಮನೆಗಿಂತ ಮೊದಲು ಮಕ್ಕಳ ಶಾಲೆ ನೋಡಿ

ಇಥಿಯೋಪಿಯಾದ ರಾಜಧಾನಿ ಅಡಿಸ್‌ಗೆ ವರ್ಗವಾಗಿದೆ ಎಂದು ಗೊತ್ತಾದ ಕೂಡಲೇ ನಮ್ಮವರು ಕೇಳುವ ಮೊದಲ ಪ್ರಶ್ನೆ, ಬೊಲೆ ಬಡಾವಣೆ ಕಡೆ ಮನೆ ಬಾಡಿಗೆ ಎಷ್ಟು ಅಂತ. ಮಕ್ಕಳಿದ್ದರೆ ಅದು ಎರಡನೇ ಪ್ರಶ್ನೆ. ಮೊದಲು ಶಾಲೆ ಗಟ್ಟಿ ಮಾಡಿಕೊಳ್ಳಿ, ಆಮೇಲೆ ಅದರ ಆಸುಪಾಸಲ್ಲಿ ಮನೆ ಹುಡುಕಿ. ಸಿಎಂಸಿ ಬಡಾವಣೆಯಲ್ಲಿ ಮನೆ ಮಾಡಿ ಓಲ್ಡ್ ಏರ್‌ಪೋರ್ಟ್ ಕಡೆಯ ಶಾಲೆಗೆ ಸೇರಿಸಿದರೆ ಮಗು ದಿನಾ ಊರಿನ ಈ ತುದಿಯಿಂದ ಆ ತುದಿಗೆ ಓಡಾಡಬೇಕು. ಸಿಲ್ಕ್ ಬೋರ್ಡ್ ಟ್ರಾಫಿಕ್ ಕಂಡವರಿಗೆ ನಾನು ಬೇರೆ ಹೇಳಬೇಕಿಲ್ಲ.

ಅದರಲ್ಲೂ ನಿಮ್ಮ ಮಗುವಿಗೆ ಡಿಸ್ಲೆಕ್ಸಿಯಾ (ಓದು ಬರಹದ ತೊಡಕು), ಆಟಿಸಂ, ಎಡಿಎಚ್‌ಡಿ (ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆ) ಇದ್ದರೆ, ಅಥವಾ ಮಾತು ತಡವಾಗಿದ್ದರೆ, ಟಿಕೆಟ್ ಬುಕ್ ಮಾಡುವ ಮೊದಲೇ ಶಾಲೆಯ ಮಾತು ಮುಗಿದಿರಬೇಕು. ಈ ಬರಹ ಮುಖ್ಯವಾಗಿ ಅಂಥ ಅಪ್ಪ ಅಮ್ಮಂದಿರಿಗೆ.

ಅಡಿಸ್‌ನಲ್ಲಿ ಅಂತರರಾಷ್ಟ್ರೀಯ ಶಾಲೆಗಳಿಗೆ ಬರವಿಲ್ಲ. ಆಫ್ರಿಕನ್ ಯೂನಿಯನ್ ಮತ್ತು ವಿಶ್ವಸಂಸ್ಥೆಯ ಆಫ್ರಿಕಾ ಆರ್ಥಿಕ ಆಯೋಗ ಎರಡೂ ಇಲ್ಲೇ ಇರುವುದರಿಂದ ಎಲ್ಲ ದೇಶದ ಮಕ್ಕಳೂ ಇದ್ದಾರೆ. ಅಮೆರಿಕನ್ ಪದ್ಧತಿ ಬೇಕು ಎನ್ನುವವರು ಇಂಟರ್‌ನ್ಯಾಷನಲ್ ಕಮ್ಯೂನಿಟಿ ಸ್ಕೂಲ್ ನೋಡುತ್ತಾರೆ, ಎಲ್ಲರೂ ಐಸಿಎಸ್ ಅಂತಾರೆ. ಬ್ರಿಟಿಷ್ ಪದ್ಧತಿಗೆ ಸ್ಯಾಂಡ್‌ಫೋರ್ಡ್ ಹಳೆಯ ಹೆಸರು, 1940ರ ದಶಕದಲ್ಲಿ ಕ್ರಿಸ್ಟೀನ್ ಸ್ಯಾಂಡ್‌ಫೋರ್ಡ್ ಕಟ್ಟಿದ್ದು. 1946ರ ಬಿಂಗ್‌ಹ್ಯಾಮ್ ಅಕಾಡೆಮಿ ಮಿಷನರಿಗಳ ಶಾಲೆ. ಫ್ರೆಂಚ್‌ಗೆ ಲಿಸೆ ಗೆಬ್ರೆ ಮರಿಯಮ್ ಇದೆ, ಜರ್ಮನ್ ರಾಯಭಾರ ಕಚೇರಿಯ ಶಾಲೆಯೂ ಇದೆ.

ಇವುಗಳಲ್ಲಿ ಯಾವುದು ಒಳ್ಳೆಯದು ಅಂತ ಕೇಳಬೇಡಿ. ವಿದೇಶಿ ಶಿಕ್ಷಕರು ಸಾಮಾನ್ಯವಾಗಿ ಎರಡು ವರ್ಷದ ಒಪ್ಪಂದದ ಮೇಲೆ ಬರುತ್ತಾರೆ. ಈ ವರ್ಷ ಒಬ್ಬ ಒಳ್ಳೆಯ ಲರ್ನಿಂಗ್ ಸಪೋರ್ಟ್ ಟೀಚರ್ (ಕಲಿಕೆಗೆ ವಿಶೇಷ ನೆರವು ಕೊಡುವವರು) ಇದ್ದ ಶಾಲೆಯಲ್ಲಿ ಮುಂದಿನ ವರ್ಷ ಆ ಕುರ್ಚಿ ಖಾಲಿ ಇರಬಹುದು. ಹಾಗಾಗಿ ಅಡ್ಮಿಷನ್ ಆಫೀಸಿನಲ್ಲಿ ನೇರವಾಗಿ ಕೇಳಿ: ಸಪೋರ್ಟ್ ವಿಭಾಗದಲ್ಲಿ ಈಗ ಎಷ್ಟು ಜನ ಇದ್ದಾರೆ, ಅವರಲ್ಲಿ ಯಾರು ಜೂನ್‌ನಲ್ಲಿ ಬಿಟ್ಟು ಹೋಗುತ್ತಿದ್ದಾರೆ, ಅವರ ಜಾಗಕ್ಕೆ ಬೇರೆಯವರು ಸಿಕ್ಕಿದ್ದಾರಾ? ಕೇಳಲು ಸಂಕೋಚ ಬೇಡ. ಎರಡು ವರ್ಷಕ್ಕೊಮ್ಮೆ ಊರು ಬದಲಿಸುವ ಪೋಷಕರೆಲ್ಲ ಕೇಳುವ ಪ್ರಶ್ನೆಯೇ ಇದು.

‘ಇನ್‌ಕ್ಲೂಸಿವ್’, ಅಂದರೆ ಎಲ್ಲ ಥರದ ಮಕ್ಕಳನ್ನೂ ಒಳಗೊಳ್ಳುವ, ಎಂಬ ಪದ ಈಗ ಎಲ್ಲ ಶಾಲೆಗಳ ಬ್ರೋಷರ್‌ನಲ್ಲೂ ಇರುತ್ತೆ. ಅದು ನಿಜವೋ ಸುಮ್ನೆ ಬರೆದದ್ದೋ ಗೊತ್ತಾಗುವುದು ಸಂದರ್ಶನದ ದಿನ. ನಮ್ಮ ಕಡೆಯ ಒಂದು ಕುಟುಂಬದ ಜೊತೆ ನಾನು ಎರಡು ಶಾಲೆಗೆ ಹೋಗಿದ್ದೆ. ಹುಡುಗನಿಗೆ ಮಾತು ಕಡಿಮೆ, ಸುತ್ತ ಗಲಾಟೆ ಇದ್ದರೆ ಸಹಿಸಲ್ಲ. ಮೊದಲ ಶಾಲೆಯಲ್ಲಿ ಕೇಳಿದ್ದು, “ನಲವತ್ತು ನಿಮಿಷ ಒಂದೇ ಕಡೆ ಕೂರ್ತಾನಾ?” ತಾಯಿ ತಲೆ ತಗ್ಗಿಸಿದರು. ಎರಡನೇ ಕಡೆ ಟೀಚರ್ ಒಬ್ಬರು ನೆಲದ ಮೇಲೆ ಕೂತು, ಅವನು ಸಾಲಾಗಿ ಜೋಡಿಸುತ್ತಿದ್ದ ಬಾಟಲ್ ಮುಚ್ಚಳಗಳ ಕೊನೆಗೆ ತಾವೂ ಒಂದು ಇಟ್ಟರು. ಅವನು ಅದನ್ನು ತೆಗೆದ. ಅವರು ಮತ್ತೆ ಇಟ್ಟರು, ಈ ಸಲ ಅವನ ಬಣ್ಣದ ಕ್ರಮ ನೋಡಿಕೊಂಡು. ಇಟ್ಟದ್ದು ಅಲ್ಲೇ ಉಳಿಯಿತು. ಆಮೇಲೆ ತಾಯಿಯನ್ನು ಕೇಳಿದರು: ಯಾವ ಸದ್ದಿಗೆ ಹೆದರ್ತಾನೆ, ಸಿಟ್ಟು ಬಂದಾಗ ಏನು ಮಾಡಿದರೆ ಸಮಾಧಾನ ಆಗ್ತಾನೆ, ಶೌಚಕ್ಕೆ ಹೋಗಬೇಕಾದರೆ ಹೇಗೆ ಹೇಳ್ತಾನೆ? ಹೀಗೆ ಕೇಳುವ ಕಡೆ ಕೆಲಸ ಗೊತ್ತಿರುವವರು ಇದ್ದಾರೆ ಅಂತ ಅರ್ಥ.

ಈಗ ನಮ್ಮವರ ಬಗ್ಗೆ ಒಂದು ಖಾರದ ಮಾತು. ಮಗುವಿನ ತೊಂದರೆ ಬಗ್ಗೆ ವೈದ್ಯರು ಕೊಟ್ಟ ರಿಪೋರ್ಟ್ ಮುಚ್ಚಿಡುವುದು ನಮ್ಮಲ್ಲಿ ಜಾಸ್ತಿ. ‘ಮೊದಲು ಸೀಟ್ ಸಿಗಲಿ, ಆಮೇಲೆ ಹೇಳೋಣ’ ಅಂತ. ಅರ್ಜಿಯಲ್ಲೇ ಅದರ ಬಗ್ಗೆ ಪ್ರಶ್ನೆ ಇರುತ್ತದೆ, ಕೆಳಗೆ ನೀವು ಸಹಿ ಹಾಕಿರುತ್ತೀರಿ. ಸುಳ್ಳು ಎಂದು ಗೊತ್ತಾದರೆ ಸೀಟ್ ವಾಪಸ್ ಪಡೆಯಲು ಶಾಲೆಗೆ ಅವಕಾಶ ಇರುತ್ತದೆ. ಅದಕ್ಕಿಂತ ದೊಡ್ಡ ತೊಂದರೆ, ಸಪೋರ್ಟ್ ಬೇಕಾದ ಮಕ್ಕಳಿಗೆ ಪ್ರತಿ ತರಗತಿಯಲ್ಲಿ ಇಂತಿಷ್ಟೇ ಜಾಗ ಎಂದು ಶಾಲೆಗಳು ಲೆಕ್ಕ ಇಟ್ಟುಕೊಳ್ಳುವುದು. ಆ ಲೆಕ್ಕದ ಹೊರಗೆ ಒಳಹೊಕ್ಕ ಮಗುವಿಗೆ ಟೀಚರ್ ಸಮಯವೂ ಇಲ್ಲ, ವಿಶೇಷ ಯೋಜನೆಯೂ ಇಲ್ಲ. ಪೂರ್ತಿ ಹೇಳಿದಾಗ ಒಂದು ಶಾಲೆ ‘ಆಗಲ್ಲ’ ಎಂದರೆ ಬೇಜಾರಾಗುತ್ತೆ, ನಿಜ. ಆದರೆ ನವೆಂಬರ್‌ನಲ್ಲಿ ಕರೆದು ‘ಕರ್ಕೊಂಡು ಹೋಗಿ’ ಅನ್ನಿಸಿಕೊಳ್ಳುವುದಕ್ಕಿಂತ ಮಾರ್ಚ್‌ನಲ್ಲಿ ‘ಆಗಲ್ಲ’ ಅನ್ನಿಸಿಕೊಳ್ಳುವುದೇ ವಾಸಿ, ಅಲ್ವಾ?

ರಿಪೋರ್ಟ್ ಊರಲ್ಲೇ ಮಾಡಿಸಿಕೊಂಡು ಬನ್ನಿ. ಮೈಸೂರಿನ ವಾಕ್ ಮತ್ತು ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್ ಎರಡರ ಹೆಸರಿಗೂ ತೂಕ ಇದೆ. ಅಲ್ಲಿ ಮಗುವಿನ ಜೊತೆ ಕನ್ನಡದಲ್ಲೇ ಮಾತಾಡಿ ಪರೀಕ್ಷಿಸುತ್ತಾರೆ ಎನ್ನುವುದು ಸಣ್ಣ ಲಾಭವಲ್ಲ. ವರದಿ ತೀರಾ ಹಳೆಯದಾಗಿದ್ದರೆ ಹೊಸದು ಕೇಳುತ್ತಾರೆ. ಇಲ್ಲಿ ಅಂಥ ಪರೀಕ್ಷೆ ಮಾಡುವವರು ತುಂಬಾ ಕಡಿಮೆ. ಜೊತೆಗೆ ಎರಡು ಮೂರು ವರ್ಷದ ಅಂಕಪಟ್ಟಿ, ಟಿಸಿ, ಲಸಿಕೆಯ ಕಾರ್ಡ್, ಜನನ ಪ್ರಮಾಣಪತ್ರ, ಕ್ಲಾಸ್ ಟೀಚರ್ ಬರೆದ ಪತ್ರ, ಎಲ್ಲ ಇಂಗ್ಲಿಷ್‌ನಲ್ಲಿ. ಹಳದಿ ಜ್ವರದ ಲಸಿಕೆ ಹೊರಡುವುದಕ್ಕೆ 10 ದಿನ ಮೊದಲಾದರೂ ಆಗಿರಲಿ. ರಜೆಗೆ ಭಾರತಕ್ಕೆ ವಾಪಸ್ ಹೋಗುವಾಗ ವಿಮಾನ ನಿಲ್ದಾಣದಲ್ಲಿ ಆ ಕಾರ್ಡ್ ಕೇಳುತ್ತಾರೆ.

ಶಾಲೆಯ ವರ್ಷ ಶುರುವಾಗುವುದು ಆಗಸ್ಟ್ ಇಲ್ಲವೇ ಸೆಪ್ಟೆಂಬರ್‌ನಲ್ಲಿ. ಜನವರಿಯಿಂದ ಮಾರ್ಚ್ ಒಳಗೆ ಅರ್ಜಿ ಹಾಕಿದರೆ ನೆಮ್ಮದಿ. ವೇಟಿಂಗ್ ಲಿಸ್ಟ್‌ನಲ್ಲಿದ್ದರೆ ಎದೆಗುಂದಬೇಡಿ. ರಾಯಭಾರ ಕಚೇರಿಯವರ ಕುಟುಂಬಗಳು ಜೂನ್‌ನಲ್ಲಿ ಊರು ಬಿಡುವಾಗ ಸೀಟ್‌ಗಳು ಖಾಲಿಯಾಗುತ್ತವೆ. ನಮ್ಮ ಮಕ್ಕಳು ಏಪ್ರಿಲ್‌ನಲ್ಲಿ ನಾಲ್ಕನೇ ಕ್ಲಾಸ್ ಮುಗಿಸಿ ಬಂದರೆ ಇಲ್ಲಿ ಮತ್ತೆ ಗ್ರೇಡ್ 4ರಲ್ಲೇ ಕೂರಿಸುತ್ತಾರೆ. ಏಕೆಂದರೆ ಇಲ್ಲಿನ ನಾಲ್ಕನೇ ಕ್ಲಾಸ್ ಇನ್ನೂ ಮುಗಿದಿರುವುದಿಲ್ಲ. ಇದಕ್ಕೆ ಜಗಳ ಮಾಡಬೇಡಿ. ಆ ಎರಡು ತಿಂಗಳಲ್ಲಿ ಸ್ನೇಹಿತರಾಗುತ್ತಾರೆ, ಆಗಸ್ಟ್‌ನಲ್ಲಿ ಐದಕ್ಕೆ ಹೋಗುತ್ತಾರೆ. ಬ್ರಿಟಿಷ್ ಶಾಲೆಯಲ್ಲಿ ‘ಇಯರ್ 6’ ಎಂದರೆ ಬಡ್ತಿ ಸಿಕ್ಕಿತು ಅಂತ ಹಿಗ್ಗಬೇಡಿ, ಅದು ಗ್ರೇಡ್ 5ಕ್ಕೆ ಸಮ.

ಬಂದ ಮರುದಿನವೇ ಪ್ರವೇಶ ಪರೀಕ್ಷೆಗೆ ಒಪ್ಪಬೇಡಿ. ಅಡಿಸ್ ಇರುವುದು ಸುಮಾರು 2,300 ಮೀಟರ್ ಎತ್ತರದಲ್ಲಿ, ನಮ್ಮ ಮುಳ್ಳಯ್ಯನಗಿರಿಗಿಂತ ಮೇಲೆ. ಮೊದಲ ವಾರ ದೊಡ್ಡವರಿಗೇ ಮೆಟ್ಟಿಲು ಹತ್ತಿದರೆ ಏದುಸಿರು, ಕೆಲವರಿಗೆ ತಲೆನೋವು, ನಿದ್ದೆ ಸರಿ ಇರಲ್ಲ. ಆ ಸ್ಥಿತಿಯಲ್ಲಿ ಕಂಪ್ಯೂಟರ್ ಮುಂದೆ ಕೂತ ಮಗುವಿನ ಅಂಕ ಮಗುವಿನದಲ್ಲ. ಒಂದು ವಾರ ಬಿಟ್ಟು ಕೊಡಿ ಎಂದರೆ ಯಾವ ಶಾಲೆಯೂ ಇಲ್ಲ ಅನ್ನುವುದು ಅಪರೂಪ.

ಅರ್ಜಿಯಲ್ಲಿ ‘ಮನೆಮಾತು’ ಎಂಬ ಕಡೆ ಕನ್ನಡ ಅಂತಲೇ ಬರೆಯಿರಿ. ಇಂಗ್ಲಿಷ್ ಅಂತ ಬರೆದರೆ ಸೀಟ್ ಸುಲಭ ಅಂದುಕೊಳ್ಳುವವರಿದ್ದಾರೆ. ಇಂಗ್ಲಿಷ್ ಎರಡನೇ ಭಾಷೆ ಎಂದು ಗೊತ್ತಿದ್ದರೆ ಶಾಲೆ ಅದಕ್ಕೆ ಬೇರೆ ಪಾಠ ಕೊಡುತ್ತದೆ, ಮತ್ತು ಭಾಷೆಯ ತಡವರಿಕೆಯನ್ನು ಕಲಿಕೆಯ ತೊಂದರೆ ಅಂತ ತಪ್ಪು ತಿಳಿಯುವುದಿಲ್ಲ. ಮಾತು ತಡವಾದ ಮಗುವಿಗೆ ‘ಮನೆಯಲ್ಲೂ ಇಂಗ್ಲಿಷೇ ಮಾತಾಡಿ’ ಅಂತ ಯಾರಾದರೂ ಹೇಳಿದರೆ ಮಾತ್ರ ಕೇಳಬೇಡಿ. ಎರಡು ಭಾಷೆ ಕೇಳಿ ಬೆಳೆಯುವುದರಿಂದ ಮಾತು ಕೆಡುವುದಿಲ್ಲ ಎಂದು ಸ್ಪೀಚ್ ಥೆರಪಿಯವರೇ ಹೇಳುತ್ತಾರೆ. ಅಜ್ಜಿಯ ಜೊತೆ ಫೋನಲ್ಲಿ ಮಾತಾಡಲು ಮಗುವಿಗೆ ಇರುವುದು ಕನ್ನಡ ಒಂದೇ.

ದುಡ್ಡಿನ ವಿಷಯ. ದೊಡ್ಡ ಶಾಲೆಗಳ ಶುಲ್ಕ ಡಾಲರ್‌ನಲ್ಲಿ, ಅದೂ ಭಾರೀ. 2024ರ ಜುಲೈ 29ರಂದು ಸರ್ಕಾರ ಇಲ್ಲಿನ ದುಡ್ಡಾದ ಬಿರ್‌ನ ದರವನ್ನು ಮಾರುಕಟ್ಟೆಗೆ ಬಿಟ್ಟಿತು. 57 ಬಿರ್ ಆಸುಪಾಸಿನಲ್ಲಿದ್ದ ಡಾಲರ್ ಕೆಲವೇ ವಾರಗಳಲ್ಲಿ 100 ದಾಟಿತು. ಬಿರ್‌ನಲ್ಲಿ ಸಂಬಳ, ಡಾಲರ್‌ನಲ್ಲಿ ಫೀಸು ಇದ್ದವರ ಪಾಡು ಬೇಡ. ಕಂಪನಿ ಫೀಸು ಕಟ್ಟುತ್ತದೆ ಎಂದರೆ ‘ಟ್ಯೂಷನ್’ ಜೊತೆ ಲರ್ನಿಂಗ್ ಸಪೋರ್ಟ್ ಮತ್ತು ಶ್ಯಾಡೋ ಟೀಚರ್ (ತರಗತಿಯಲ್ಲಿ ಮಗುವಿನ ಪಕ್ಕದಲ್ಲೇ ಇದ್ದು ನೆರವಾಗುವವರು) ಖರ್ಚೂ ಸೇರಿದೆಯಾ ಅಂತ ಆಫರ್ ಲೆಟರ್‌ಗೆ ಸಹಿ ಹಾಕುವ ಮೊದಲು ಬರೆಸಿಕೊಳ್ಳಿ. ಹೆಚ್ಚಿನ ಕಡೆ ಇವೆರಡಕ್ಕೆ ಬೇರೆ ಬಿಲ್ ಬರುತ್ತದೆ.

ಇಲ್ಲಿನ ಗಡಿಯಾರಕ್ಕೂ ಸ್ವಲ್ಪ ಹೊಂದಿಕೊಳ್ಳಬೇಕು. ದಿನದ ಲೆಕ್ಕ ಬೆಳಗ್ಗೆ ಆರರಿಂದ ಶುರು. ಶಾಲೆಯ ಆಫೀಸು ನಮ್ಮ ಸಮಯವನ್ನೇ ಹೇಳುತ್ತದೆ, ಆದರೆ ವ್ಯಾನ್ ಡ್ರೈವರ್ ‘ಒಂದು ಗಂಟೆಗೆ ಬರ್ತೀನಿ’ ಎಂದರೆ ಬೆಳಗ್ಗೆ ಏಳು. ಕ್ಯಾಲೆಂಡರ್ ಕೂಡ ಬೇರೆ, 13 ತಿಂಗಳು. 2025ರ ಸೆಪ್ಟೆಂಬರ್ 11ಕ್ಕೆ ಇಲ್ಲಿ 2018 ಶುರುವಾಯಿತು. ಸರ್ಕಾರಿ ಕಾಗದದಲ್ಲಿ ಮಗುವಿನ ಹುಟ್ಟಿದ ದಿನ ಯಾವ ಕ್ಯಾಲೆಂಡರಿನದು ಅಂತ ಅಲ್ಲೇ ನಿಂತು ನೋಡಿಕೊಳ್ಳಿ.

ಶಾಲೆಯ ಹೊರಗಿನ ನೆರವೂ ಬೇಕಾಗುತ್ತದೆ. ಜೆಮಿ ಯೂನುಸ್ ಎಂಬ ತಾಯಿ, ಆಟಿಸಂ ಇದ್ದ ಮಗನನ್ನು ಶಾಲೆಗಳು ಸೇರಿಸಿಕೊಳ್ಳದೆ ಹೋದ ಮೇಲೆ, 2002ರಲ್ಲಿ ಜಾಯ್ ಆಟಿಸಂ ಸೆಂಟರ್ ಶುರು ಮಾಡಿದರು. ಈ ದೇಶದಲ್ಲಿ ಆಟಿಸಂ ಬಗ್ಗೆ ಜನ ಬಾಯಿ ಬಿಟ್ಟು ಮಾತಾಡುವ ಹಾಗೆ ಮಾಡಿದವರಲ್ಲಿ ಅವರು ಮುಖ್ಯರು. ಸ್ಪೀಚ್ ಥೆರಪಿಗೆ ನಮ್ಮವರು ಹೆಚ್ಚಾಗಿ ಊರಿನ ಥೆರಪಿಸ್ಟ್ ಜೊತೆಗೇ ಆನ್‌ಲೈನ್‌ನಲ್ಲಿ ಮುಂದುವರಿಸುತ್ತಾರೆ. ಸಮಯದ ವ್ಯತ್ಯಾಸ ಎರಡೂವರೆ ಗಂಟೆ ಅಷ್ಟೇ. ಕರೆಂಟು, ನೆಟ್ ಕೈ ಕೊಡುತ್ತವೆ, ಅದಕ್ಕೊಂದು ಇನ್ವರ್ಟರ್ ಇಟ್ಟುಕೊಳ್ಳಿ.

ಕೊನೆಗೆ, ವಾಪಸ್ ಹೋಗುವ ದಾರಿ. ಸಿಬಿಎಸ್‌ಇಯಲ್ಲಿ ಒಂಬತ್ತಕ್ಕೇ ನೋಂದಣಿ ಆಗುವುದರಿಂದ ನೇರ ಹತ್ತಕ್ಕೆ ಸೇರುವುದು ಕಷ್ಟ. ಎಂಟು ಮುಗಿದಾಗ ಒಮ್ಮೆ ಕೂತು ತೀರ್ಮಾನಿಸಿ. ಇಲ್ಲೇ ಐಬಿ ಡಿಪ್ಲೊಮಾ (ಶಾಲೆಯ ಕೊನೆಯ ಎರಡು ವರ್ಷದ ಅಂತರರಾಷ್ಟ್ರೀಯ ಕೋರ್ಸ್) ಮುಗಿಸಿದರೆ ಭಾರತದ ಕಾಲೇಜಿಗೆ ಅದು ಅಲ್ಲಿನ ಹನ್ನೆರಡನೇ ತರಗತಿಗೆ ಸಮ ಎಂಬ ಪತ್ರ ಬೇಕಾಗಬಹುದು. ಯುಡಿಐಡಿ ಕಾರ್ಡ್ (ಭಾರತ ಸರ್ಕಾರದ ಅಂಗವಿಕಲತೆಯ ಗುರುತಿನ ಚೀಟಿ) ಮಾಡಿಸಿದ್ದರೆ ಜೋಪಾನ ಮಾಡಿ, ಅಲ್ಲಿ ಪರೀಕ್ಷೆಯ ರಿಯಾಯಿತಿ ಕೇಳುವಾಗ ಅದು ಕೈಯಲ್ಲಿರಬೇಕು. ಇಲ್ಲಿನ ಶಾಲೆ ಪ್ರತಿ ವರ್ಷ ಬರೆದುಕೊಡುವ ಸಪೋರ್ಟ್ ಯೋಜನೆಯ ಪ್ರತಿಯನ್ನೂ ಅದರ ಜೊತೆಗೇ ಇಡಿ.