ಹೇಯಾನ್ ಶೋಗಿಯ ಕೊನೆಯ ಸಾಲು: ನನ್ನ ಅನುಭವ

ಶೋಗಿ ಎಂದರೆ ಜಪಾನಿನ ಚದುರಂಗ. ಹೇಯಾನ್ ಶೋಗಿ ಅದರ ಸುಮಾರು ಸಾವಿರ ವರ್ಷ ಹಳೆಯ ರೂಪ. ಕಳೆದ ತಿಂಗಳು ನಾರಾದ ನಮ್ಮ ಮನೆಯಲ್ಲಿ ಹೇಯಾನ್ ಶೋಗಿಯ ನೂರನೆಯ ಆಟ ಮುಗಿಯಿತು. ಸೋಲು ಗೆಲುವು ಇತ್ಯರ್ಥವಾಗಿಯೇ ಮುಗಿಯಿತು. ಇದನ್ನು ಬರೆಯಲು ಅದೇ ಕಾರಣ. ನಾಲ್ಕು ವರ್ಷಗಳ ಕೆಳಗೆ ಒಸಾಕಾದಲ್ಲಿ ನಾನು ಹೋಗುವ ಶೋಗಿ ಕೂಟದಲ್ಲಿ ಈ ಆಟದ ಹೆಸರೆತ್ತಿದಾಗ ಹಿರಿಯರೊಬ್ಬರು, "ಅದರಲ್ಲಿ ಹಿಶಾ ಇಲ್ಲ, ಕಾಕು ಇಲ್ಲ, ಹಿಡಿದ ಕಾಯಿಯನ್ನು ಮತ್ತೆ ಇಳಿಸುವಂತಿಲ್ಲ. ಇಬ್ಬರೂ ಕಾಯಿಗಳನ್ನು ಹಿಂದೆ ಮುಂದೆ ಮಾಡುತ್ತಾ ಕೂರಬೇಕು, ಅಷ್ಟೆ. ಗಾಜಿನ ಪೆಟ್ಟಿಗೆಯಲ್ಲಿಟ್ಟು ನೋಡಲು ಚೆನ್ನ, ಆಡಲು ಅಲ್ಲ" ಎಂದಿದ್ದರು. ಹಿಶಾ, ಕಾಕು ಎಂದರೆ ಈಗಿನ ಶೋಗಿಯಲ್ಲಿ ದೂರ ಓಡುವ ಎರಡು ಬಲವಾದ ಕಾಯಿಗಳು; ಈಗ ಎದುರಾಳಿಯಿಂದ ಹಿಡಿದ ಕಾಯಿಯನ್ನು ನಮ್ಮದಾಗಿ ಮಣೆಗೆ ಇಳಿಸಲೂಬಹುದು. ಉಳಿದವರೂ ತಲೆಯಾಡಿಸಿದರು. ಅಲ್ಲಿ ನನಗಿಂತ ಬಲವಾದ ಆಟಗಾರರು ಹತ್ತು ಮಂದಿಯಾದರೂ ಇದ್ದಾರೆ, ಅವರ ಮಾತನ್ನು ತಳ್ಳಿಹಾಕಲು ನನ್ನ ಬಳಿ ಆಗ ಏನೂ ಇರಲಿಲ್ಲ.

ಮೊದಲು ನಿಯಮಗಳನ್ನು ಹೇಳುತ್ತೇನೆ. ಹೇಯಾನ್ ಶೋಗಿಯ ನಿಯಮಗಳು ನಮಗೆ ಸಿಕ್ಕಿರುವುದು 'ನಿಚೂರೆಕಿ' ಎಂಬ ಗ್ರಂಥದಲ್ಲಿ. ಅದು 13ನೇ ಶತಮಾನದ ಆರಂಭದಲ್ಲಿ ಸಿದ್ಧವಾದದ್ದು. ಅದರ ಬೇರು ಅದಕ್ಕೂ ಹಿಂದಿನ, ಹೇಯಾನ್ ಕಾಲದ ಎರಡು ಸಂಗ್ರಹಗಳಲ್ಲಿದೆ. ರಾಜ ಎಂಟೂ ದಿಕ್ಕಿಗೆ ಒಂದೊಂದು ಮನೆ ಹೋಗುತ್ತಾನೆ. ಆಗ ಅವನ ಹೆಸರು ಗ್ಯೊಕುಶೋ, ರತ್ನದ ಸೇನಾಪತಿ. ಚಿನ್ನ, ಬೆಳ್ಳಿ ಎಂಬ ಸೇನಾಪತಿಗಳದೂ ಒಂದೇ ಮನೆಯ ನಡೆ. ಚಿನ್ನ ಹಿಂದಿನ ಎರಡು ಮೂಲೆಗಳಿಗೆ ಹೋಗದು. ಬೆಳ್ಳಿ ಅಕ್ಕಪಕ್ಕಕ್ಕೂ ನೇರ ಹಿಂದಕ್ಕೂ ಹೋಗದು. ಕುದುರೆ ಮುಂದಕ್ಕೆ ಮಾತ್ರ ನೆಗೆಯುತ್ತದೆ, ತೇರು ಮುಂದಕ್ಕೆ ಎಷ್ಟು ದೂರವಾದರೂ ಓಡುತ್ತದೆ, ಕಾಲಾಳು ಮುಂದಕ್ಕೆ ಒಂದು ಮನೆ. ಎದುರಾಳಿಯ ಮೂರು ಸಾಲಿನೊಳಗೆ ಹೊಕ್ಕ ಕಾಯಿಯೆಲ್ಲ ಚಿನ್ನವಾಗುತ್ತದೆ. ಕೊನೆಗೆ ಗೆಲುವಿನ ಬಗ್ಗೆ ಒಂದು ಸಾಲು, ಅಷ್ಟೆ. ಮಣೆಗೆ ಎಷ್ಟು ಮನೆ ಎಂಬುದನ್ನು ಗ್ರಂಥ ಹೇಳುವುದೇ ಇಲ್ಲ. ಎಂಟಕ್ಕೆ ಎಂಟೋ, ಒಂಬತ್ತಕ್ಕೆ ಎಂಟೋ, ಒಂಬತ್ತಕ್ಕೆ ಒಂಬತ್ತೋ ಎಂಬ ಚರ್ಚೆ ಇಂದಿಗೂ ನಡೆದೇ ಇದೆ.

ನನಗೆ ಹುಚ್ಚು ಹಿಡಿಸಿದ್ದು ಗ್ರಂಥವಲ್ಲ, ಮಣ್ಣು. ನಮ್ಮ ಮನೆಯಿಂದ ಸೈಕಲ್ಲಿನಲ್ಲಿ ಇಪ್ಪತ್ತು ನಿಮಿಷದ ದಾರಿ ಕೊಫುಕುಜಿ ದೇವಾಲಯ. ಅಲ್ಲಿ 1993ರಲ್ಲಿ ಅಗೆದಾಗ ಹದಿನೈದಕ್ಕೂ ಹೆಚ್ಚು ಶೋಗಿ ಕಾಯಿಗಳು ಸಿಕ್ಕವು. ಜೊತೆಯಲ್ಲಿ ಸಿಕ್ಕ ಬರಹದ ಮರದ ಪಟ್ಟಿಯೊಂದರ ಮೇಲೆ 1058ಕ್ಕೆ ಸರಿಹೊಂದುವ ವರ್ಷವಿತ್ತು. ಈವರೆಗೆ ಸಿಕ್ಕಿರುವ ಅತ್ಯಂತ ಹಳೆಯ ಶೋಗಿ ಕಾಯಿಗಳು ಅವೇ. ರಾಜ, ಚಿನ್ನ, ಬೆಳ್ಳಿ, ಕುದುರೆ, ಕಾಲಾಳು ಎಲ್ಲವೂ ಐದು ಮೂಲೆಯ ತುಂಡುಗಳು, ಮೇಲೆ ಮಸಿಯ ಬರಹ. ಹಿಶಾ, ಕಾಕು ಇಲ್ಲ. ಆ ಪುಟ್ಟ ಮರದ ಚೂರುಗಳನ್ನು ಯಾರೋ ಕೆಲಸದ ನಡುವಿನ ಬಿಡುವಿನಲ್ಲಿ ಕತ್ತರಿಸಿ ಬರೆದುಕೊಂಡು ಆಡಿರಬೇಕು ಎಂದು ನನಗೆ ಅನಿಸಿತು. ಮುಗಿಯದ ಆಟಕ್ಕಾಗಿ ಯಾರೂ ಅಷ್ಟು ಪಾಡು ಪಡುವುದಿಲ್ಲ. ಕೂಟದ ಹಿರಿಯರಿಗೆ ನಾನು ಕೊಡಬಹುದಾಗಿದ್ದ ಉತ್ತರ ಅದೊಂದೇ ಆಗಿತ್ತು, ಅದನ್ನೂ ಆಡಿ ತೋರಿಸಬೇಕಿತ್ತು.

ಕಾಯಿಗಳನ್ನು ನಾನೇ ಮಾಡಬೇಕೆಂದು ಪಟ್ಟು ಹಿಡಿದೆ. ದುಡ್ಡು ಹೋದದ್ದು ಇಲ್ಲಿಯೇ. ಒಳ್ಳೆಯ ಶೋಗಿ ಕಾಯಿ ಎಂದರೆ ತ್ಸುಗೆ (ಬಾಕ್ಸ್‌ವುಡ್) ಮರ ಎಂಬುದು ತಲೆಯಲ್ಲಿ ಕೂತಿತ್ತು. ಕತ್ತರಿಸಿಟ್ಟ ತ್ಸುಗೆ ತುಂಡುಗಳ ಒಂದು ಜೋಡಣೆಗೆ ಸುಮಾರು 18,000 ಯೆನ್ ತೆತ್ತೆ. ಅದರ ಮೇಲೆ ಮಸಿಯಲ್ಲಿ ಬರೆದರೆ ಮೂರು ಆಟಕ್ಕೆ ಅಕ್ಷರ ಬೆರಳಿಗೆ ಬಂತು. ಈಗಿನವರು ಅರಗಿನಂಥ ಉರುಶಿಯಲ್ಲಿ ಬರೆಯುತ್ತಾರಲ್ಲ ಎಂದು ಉರುಶಿ ತಂದೆ. ಎರಡೇ ದಿನಕ್ಕೆ ಮೊಣಕೈವರೆಗೆ ಬೊಬ್ಬೆ ಎದ್ದು, ಚರ್ಮದ ವೈದ್ಯರಿಗೆ, ಮುಲಾಮಿಗೆ ಇನ್ನೊಂದು ಆರೇಳು ಸಾವಿರ ಯೆನ್ ಹೋಯಿತು. ಉರುಶಿ ಮೈಗೆ ಆಗದವರು ಅದರ ತಂಟೆಗೆ ಹೋಗಲೇಬೇಡಿ. ಆಮೇಲೆ ಹಿನೋಕಿಗೆ, ಅಂದರೆ ಜಪಾನಿನ ಸೈಪ್ರಸ್ ಮರಕ್ಕೆ, ಇಳಿದೆ. ಆ ಕಾಲದ ಬರಹದ ಪಟ್ಟಿಗಳಿಗೆ ಹೆಚ್ಚಾಗಿ ಬಳಕೆಯಾಗುತ್ತಿದ್ದ ಮರಗಳಲ್ಲಿ ಅದೂ ಒಂದು. ಮೊದಲೇ ಅದನ್ನು ಹಿಡಿಯಬೇಕಿತ್ತು. ಮರದಂಗಡಿಯಲ್ಲಿ ಪಟ್ಟಿಗೆ ನಾನೂರು ಐನೂರು ಯೆನ್. ಆದರೆ ಮೃದು ಮರದಲ್ಲಿ ಮಸಿ ಎಳೆಗುಂಟ ಹರಡಿ ಚಿನ್ನ ಯಾವುದು ಬೆಳ್ಳಿ ಯಾವುದು ತಿಳಿಯದಾಯಿತು. ಎರಡು ಜೋಡಣೆ ಒಲೆಗೆ ಹೋದವು. ಮೂರನೆಯದಕ್ಕೆ ಬರೆಯುವ ಮುನ್ನವೇ ಪಿಂಗಾಣಿ ಬಟ್ಟಲಿನ ಅಂಚಿನಿಂದ ಪ್ರತಿ ಕಾಯಿಯ ಮುಖವನ್ನು ಉಜ್ಜಿ ಎಳೆಗಳನ್ನು ಮುಚ್ಚಿದೆ. ಕಾಯಿ ಮಾಡುವವರು ಕೊನೆಯಲ್ಲಿ ಹೊಳಪಿಗಾಗಿ ಮಾಡುವ ಕೆಲಸವನ್ನು ನಾನು ಮೊದಲಿಗೇ ಮಾಡಿದೆ. ಮಸಿಗೆ ಇನ್ನೊಂದು ವಸ್ತುವನ್ನೂ ಬೆರೆಸುತ್ತೇನೆ, ಅದು ನನ್ನಲ್ಲೇ ಇರಲಿ. ಆ ಜೋಡಣೆ ಮೂರು ವರ್ಷ ಆಡಿಯೂ ಅಕ್ಷರ ಮಾಸಿಲ್ಲ. ಕುಂಚ, ಗರಗಸ, ಮಣೆ ಎಲ್ಲ ಸೇರಿ ಐವತ್ತೈದು ಸಾವಿರ ಯೆನ್ನಿನ ಆಸುಪಾಸು ಖರ್ಚಾಗಿರಬೇಕು. ಗೊತ್ತಿದ್ದು ಮಾಡಿದರೆ ಹತ್ತು ಸಾವಿರ ಸಾಕು.

ಆಟಕ್ಕೆ ಕೂತವರು ನನ್ನ ಮಗಳು, ನಿವೃತ್ತ ಶಿಕ್ಷಕರಾದ ಪಕ್ಕದ ಮನೆಯವರು, ಕ್ಯೋಟೋದಿಂದ ಬರುವ ಸಹೋದ್ಯೋಗಿ. ಎಂಟಕ್ಕೆ ಎಂಟರ ಮಣೆ, ರಾಜನ ಪಕ್ಕದಲ್ಲಿ ಒಂದೇ ಚಿನ್ನ, ಮೂರನೆಯ ಸಾಲಿನಲ್ಲಿ ಕಾಲಾಳು. ಮೊದಲ ನಲವತ್ತು ಆಟಗಳಲ್ಲಿ ಇಪ್ಪತ್ತಾರೋ ಇಪ್ಪತ್ತೇಳೋ ಇತ್ಯರ್ಥವಾಗದೆ ಹೋದವು. ಹಿರಿಯರು ಹೇಳಿದ್ದೇ ನಿಜವಾಗುತ್ತಿತ್ತು. ಏಕೆಂದು ಹೇಳುತ್ತೇನೆ. ಕಾಲಾಳುಗಳ ನಡುವೆ ಇರುವುದು ಎರಡೇ ಖಾಲಿ ಸಾಲು. ಒಬ್ಬರು ಒಂದು ಹೆಜ್ಜೆ ಇಟ್ಟ ಕೂಡಲೇ ನಡುವೆ ಒಂದೇ ಮನೆ ಉಳಿಯುತ್ತದೆ, ಅದಕ್ಕೆ ಮೊದಲು ಕಾಲಿಟ್ಟ ಕಾಲಾಳು ಸಾಯುತ್ತದೆ. ಅಂಚಿನ ಕಂಬಸಾಲಿನಲ್ಲಿ, ಅಂದರೆ ನನ್ನಿಂದ ಎದುರಾಳಿಯ ಕಡೆಗೆ ನೆಟ್ಟಗೆ ಹೋಗುವ ಸಾಲಿನಲ್ಲಿ, ಇನ್ನೂ ಕೆಟ್ಟದ್ದು: ಕಾಲಾಳಿಗೆ ಕಾಲಾಳು, ಅದರ ಮೇಲೆ ತೇರು, ಅದರ ಮೇಲೆ ಎದುರಿನ ತೇರು ಎಂದು ಕಡಿತ ಮುಗಿಯುವ ಹೊತ್ತಿಗೆ ಮೊದಲು ತಳ್ಳಿದವನ ತೇರು ಹೋಗಿರುತ್ತದೆ, ಎದುರಾಳಿಯ ತೇರು ಉಳಿದಿರುತ್ತದೆ. ಇದು ಅರ್ಥವಾದ ಮೇಲೆ ಯಾರೂ ತಳ್ಳುವುದಿಲ್ಲ. ಬೆಳ್ಳಿಯನ್ನು ಮೂಲೆಗೆ ಒಯ್ದು ಮತ್ತೆ ತರುವುದೇ ಆಟವಾಗುತ್ತದೆ. ಹೇಗೋ ಕಾದಾಡಿ ಒಂದು ಕಾಯಿ ಮೇಲಾದರೂ, ಉಳಿದ ಎರಡು ಮೂರು ಕಾಯಿಗಳಿಂದ ರಾಜನನ್ನು ಕಟ್ಟಿಹಾಕಲು ಆಗುವುದಿಲ್ಲ. ಹಾಗಾಗಿ ಮುನ್ನುಗ್ಗಿ ಪ್ರಯೋಜನವೂ ಕಾಣುತ್ತಿರಲಿಲ್ಲ.

ಮಣೆ ಬದಲಿಸಿ ನೋಡಿದೆ. ನೂರರ ಎಣಿಕೆಯ ಹೊರಗೆ, ಒಂಬತ್ತಕ್ಕೆ ಒಂಬತ್ತರಲ್ಲಿ ಎರಡು ಚಿನ್ನ ಇಟ್ಟು ಹನ್ನೆರಡು ಆಟ ಆಡಿದೆವು. ಅಲ್ಲಿ ಒಂದು ಚೆಂದದ ಸಂಗತಿ ಕಣ್ಣಿಗೆ ಬಿತ್ತು, ಎಲ್ಲಿಯೂ ಓದಿದ್ದಲ್ಲ. ನಮ್ಮ ಕುದುರೆ ಒಂದನೆಯ ಸಾಲಿನಿಂದ ಮೂರು, ಐದು, ಏಳನೆಯ ಸಾಲಿಗೆ ನೆಗೆಯುತ್ತದೆ. ಎಂಟು ಸಾಲಿನ ಮಣೆಯಲ್ಲಿ ಎದುರಾಳಿಯ ಕುದುರೆ ಎಂಟು, ಆರು, ನಾಲ್ಕು, ಎರಡರಲ್ಲಿ ಇಳಿಯುತ್ತದೆ. ಅಂದರೆ ಕುದುರೆಯಾಗಿರುವವರೆಗೆ ಅವು ಒಂದನ್ನೊಂದು ಕಡಿಯುವುದು ಸಾಧ್ಯವೇ ಇಲ್ಲ. ಒಂಬತ್ತು ಸಾಲು ಮಾಡಿದೊಡನೆ ಎರಡೂ ಕಡೆಯ ಕುದುರೆಗಳು ಒಂದೇ ಸಾಲುಗಳಲ್ಲಿ ಇಳಿಯುತ್ತವೆ, ಒಂದನ್ನೊಂದು ಕಡಿಯಬಲ್ಲವು. ಒಂದೇ ಒಂದು ಸಾಲು ಸೇರಿಸಿದ್ದಕ್ಕೆ ಆಟದ ಸ್ವಭಾವವೇ ಬದಲಾಗುತ್ತದೆ. ನನಗೆ ಎಂಟೇ ಹಿಡಿಸಿತು. ಅಲ್ಲಿ ಕುದುರೆ ನಿಜವಾಗಿ ಒಳನುಗ್ಗುತ್ತದೆ. ಆದರೆ ಒಂಬತ್ತರಲ್ಲಿಯೂ ಆಟ ಮುಗಿಯಲಿಲ್ಲ.

ಈ ಗಂಟನ್ನು ಬಿಡಿಸಿದ್ದು ಪೆಟ್ಟಿಗೆಯ ಮುಚ್ಚಳ. ಕಾಯಿ ಇಡುವ ಪೆಟ್ಟಿಗೆಯ ಮುಚ್ಚಳದ ಒಳಗೆ ಗ್ರಂಥದ ನಿಯಮಗಳನ್ನು ಕುಂಚದಲ್ಲಿ ಬರೆಯುತ್ತಿದ್ದೆ. ಎಲ್ಲವೂ ಸೇರಿ ಐವತ್ತು ಚಿಲ್ಲರೆ ಅಕ್ಷರ. ಕೊನೆಯ ಸಾಲಿಗೆ ಜಾಗ ಸಾಲದೆ, ಅದನ್ನು ಹೇಗೆ ತುರುಕಲಿ ಎಂದು ಅಕ್ಷರ ಎಣಿಸುತ್ತಾ ಕೂತಾಗ ಅದು ಏನು ಹೇಳುತ್ತದೆ ಎಂದು ಮೊದಲ ಸಲ ನೆಟ್ಟಗೆ ಓದಿದೆ. ಎದುರಾಳಿಯ ರಾಜ ಒಬ್ಬನೇ ಉಳಿದರೆ ಅದೇ ಗೆಲುವು. ಅಷ್ಟು ದಿನ ಅದನ್ನು ರಾಜನನ್ನು ಕಟ್ಟಿಹಾಕುವುದಕ್ಕೆ ಇನ್ನೊಂದು ಹೆಸರು ಎಂದುಕೊಂಡು ದಾಟಿಹೋಗಿದ್ದೆ. ಈಗಿನ ಶೋಗಿಯ ಕಣ್ಣಿನಿಂದ ಓದಿದರೆ ಹಾಗೆಯೇ ಕಾಣುತ್ತದೆ. ಪರ್ಷಿಯಾದ ಹಳೆಯ ಚದುರಂಗವಾದ ಶತ್ರಂಜಿನಲ್ಲಿಯೂ ಒಂಟಿ ರಾಜ ಸೋತಂತೆಯೇ ಎಂಬುದು ಆಗ ನೆನಪಾಯಿತು.

ಈ ಸಾಲನ್ನು ಅಕ್ಷರಶಃ ಹಿಡಿದು ಆಡಿ ನೋಡಿ. ಒಂದೇ ಒಂದು ಕಾಲಾಳು ಮೇಲಾದರೂ ಸಾಕು, ಉಳಿದದ್ದನ್ನೆಲ್ಲ ಸಮಸಮ ಕಡಿದುಕೊಂಡು ಹೋದರೆ ಕೊನೆಗೆ ಎದುರಾಳಿಯ ಬಳಿ ರಾಜ ಮಾತ್ರ, ನನ್ನ ಬಳಿ ರಾಜ ಮತ್ತು ಆ ಕಾಲಾಳು. ರಾಜನನ್ನು ಕಟ್ಟಿಹಾಕುವ ಬಲವೇ ಬೇಕಿಲ್ಲ. ಹಾಗಾಗಿ ಪ್ರತಿ ಕಾಲಾಳಿಗೂ ಬೆಲೆ ಬರುತ್ತದೆ, ಹಿಂದೆ ಬಿದ್ದವನು ಕಡಿತ ತಪ್ಪಿಸಲು ಓಡಬೇಕಾಗುತ್ತದೆ, ಓಡಿದಾಗ ಸಾಲುಗಳು ತೆರೆಯುತ್ತವೆ, ತೆರೆದ ಕಡೆ ತೇರು ನುಗ್ಗಿ ಚಿನ್ನವಾಗುತ್ತದೆ. ಚಿನ್ನವಾಗುವುದನ್ನು ನಾನು ಕಡ್ಡಾಯ ಮಾಡಿದ್ದೇನೆ. ಗ್ರಂಥ ಎಲ್ಲವೂ ಎನ್ನುತ್ತದೆ, ಬೇಕಾದರೆ ಎನ್ನುವುದಿಲ್ಲ. ಒಂಟಿಯಾದ ರಾಜ ಮುಂದಿನ ನಡೆಯಲ್ಲೇ ನಮ್ಮ ಕೊನೆಯ ಕಾಯಿಯನ್ನು ಕಡಿದು ನಮ್ಮನ್ನೂ ಒಂಟಿ ಮಾಡಿದರೆ ಸಮ ಎಂಬುದು ನನ್ನ ಸೇರ್ಪಡೆ, ಶತ್ರಂಜಿನಿಂದ ತಂದದ್ದು. ಆಮೇಲಿನ ಅರವತ್ತು ಆಟಗಳಲ್ಲಿ ಸಮವಾದದ್ದು ಎಂಟೋ ಒಂಬತ್ತೋ. ಒಂದು ಆಟಕ್ಕೆ ನಲವತ್ತು ನಿಮಿಷ.

ಮೊದಲ ಕಾಲಾಳನ್ನು ಗೆಲ್ಲುವುದು ಹೇಗೆ? ಅಂಚನ್ನು ಮರೆತುಬಿಡಿ. ಎದುರಾಳಿಯ ರಾಜನ ಕಂಬಸಾಲಿನಲ್ಲಿ ಐದನೆಯ ಸಾಲಿನ ಮನೆಯನ್ನು ಗುರಿಯಿಡಿ. ಅದರ ಮೇಲೆ ಒಂದು ಕಾಲಾಳು, ಒಂದು ಕುದುರೆ, ಒಂದು ಬೆಳ್ಳಿ, ಮೂರರ ನೋಟ ಬೀಳಬೇಕು. ಮೂರು ಸೇರಿದ ಮೇಲೆ ತಳ್ಳಿ. ಯಾವುದನ್ನು ಮೊದಲು ಸರಿಸಿದರೆ ಎದುರಾಳಿಗೆ ಸುಳಿವು ಸಿಗುವುದಿಲ್ಲ ಎಂಬ ಕ್ರಮವನ್ನು ಮಾತ್ರ ಹೇಳಲಾರೆ. ಅದು ಇನ್ನೂ ನನಗೆ ಆಟ ಗೆದ್ದುಕೊಡುತ್ತಿದೆ.

ಬೆಳ್ಳಿಯ ವಿಷಯ ಬಂದದ್ದರಿಂದ ಒಂದು ಮಾತು. ಮುಂದಕ್ಕೆ ಒಂದು ಮನೆ, ನಾಲ್ಕು ಮೂಲೆಗೆ ಒಂದೊಂದು ಮನೆ ಎಂಬ ಈ ನಡೆ ನಮ್ಮ ಹಳೆಯ ಚದುರಂಗದ ಆನೆಯದು. ಸುಮಾರು 1030ರಲ್ಲಿ ಭಾರತದ ಬಗ್ಗೆ ಬರೆದ ಮಧ್ಯ ಏಷ್ಯಾದ ವಿದ್ವಾಂಸ ಅಲ್‌ಬಿರೂನಿ ಅಲ್ಲಿನ ಚದುರಂಗದ ಆನೆ ಹೀಗೆಯೇ ನಡೆಯುತ್ತದೆ, ಆ ಐದು ಮನೆಗಳು ಅದರ ಸೊಂಡಿಲು ಮತ್ತು ನಾಲ್ಕು ಕಾಲು ಎಂದು ವಿವರಿಸಿದ್ದಾನೆ. ಅದಾಗಿ ಮೂವತ್ತು ವರ್ಷ ತುಂಬುವ ಮೊದಲೇ ನಾರಾದಲ್ಲಿ ಬೆಳ್ಳಿ ಎಂದು ಬರೆದ ಕಾಯಿಯೊಂದು ಮಣ್ಣಿಗೆ ಬಿದ್ದಿದೆ. ಮುಂದಿನ ಶತಮಾನದಲ್ಲಿ ಕಲ್ಯಾಣದ ಮೂರನೆಯ ಸೋಮೇಶ್ವರ ಮಾನಸೋಲ್ಲಾಸದಲ್ಲಿ ಚದುರಂಗಕ್ಕೆ ಜಾಗ ಕೊಟ್ಟ. ಬೆಳ್ಳಿಯನ್ನು ಮುಂದಿಡುವಾಗಲೆಲ್ಲ ಆ ಸೊಂಡಿಲು ನನ್ನ ಕಣ್ಣ ಮುಂದೆ ಬರುತ್ತದೆ. ಮಗಳೂ ಅದನ್ನು ಆನೆ ಎಂದೇ ಕರೆಯುತ್ತಾಳೆ.

ಹೆಸರಿನಲ್ಲೇ ಆನೆಯಿರುವ ಇನ್ನೊಂದು ಕಾಯಿಯನ್ನೂ ಆಡಿಸಿ ನೋಡಿದೆ. ಸುಯ್‌ಜೋ, ಅಂದರೆ ಅಮಲೇರಿದ ಆನೆ, ನೇರ ಹಿಂದಕ್ಕೆ ಬಿಟ್ಟು ಎಲ್ಲ ಕಡೆ ಒಂದು ಮನೆ ನಡೆಯುತ್ತದೆ, ಬಡ್ತಿ ಪಡೆದರೆ ಯುವರಾಜನಾಗುತ್ತದೆ. ಕೊಫುಕುಜಿಯಲ್ಲಿಯೇ ಇನ್ನೊಂದು ಅಗೆತದಲ್ಲಿ 1098ರ ಪಟ್ಟಿಯೊಂದಿಗೆ ಈ ಕಾಯಿ ಸಿಕ್ಕಿದೆ. 1573ರಲ್ಲಿ ಸುಟ್ಟುಹೋದ ಇಚಿಜೋದಾನಿ ಎಂಬ ಕೋಟೆಪಟ್ಟಣದ ಅವಶೇಷದಲ್ಲಿ ಸಿಕ್ಕ 174 ಕಾಯಿಗಳಲ್ಲಿಯೂ ಒಂದಿದೆ. ಹದಿನಾರನೆಯ ಶತಮಾನದಲ್ಲಿ ಗೋ ನಾರಾ ಚಕ್ರವರ್ತಿ ಅದನ್ನು ತೆಗೆಸಿದ ಎಂದು ಎದೋ ಕಾಲದ (17ರಿಂದ 19ನೇ ಶತಮಾನದ) ಬರಹ ಹೇಳುತ್ತದೆ. ಒಂಬತ್ತರ ಮಣೆಯಲ್ಲಿ ರಾಜನ ಮುಂದೆ ಅದನ್ನಿಟ್ಟು ಐದು ಆಟ ಆಡಿದೆ. ಯುವರಾಜ ಹುಟ್ಟಿದರೆ ರಾಜ ಒಂಟಿಯಲ್ಲ. ಹಾಗಾಗಿ ಗೆಲುವಿನ ಸಾಲು ಕೆಲಸ ಮಾಡುವುದಿಲ್ಲ, ಆಟ ಮೂರು ಗಂಟೆ ಎಳೆಯಿತು. ನಿಚೂರೆಕಿಯಲ್ಲಿಯೇ ಇರುವ ಹದಿಮೂರಕ್ಕೆ ಹದಿಮೂರರ ದೊಡ್ಡ ಶೋಗಿಗೆ 68 ಕಾಯಿ ಬೇಕು; ತಾಮ್ರ, ಕಬ್ಬಿಣದ ಸೇನಾಪತಿಗಳವರೆಗೆ ಬರೆದು ನಿಲ್ಲಿಸಿದ್ದೇನೆ.

ಕಳೆದ ಚಳಿಗಾಲದಲ್ಲಿ ಪೆಟ್ಟಿಗೆಯನ್ನು ಒಸಾಕಾದ ಕೂಟಕ್ಕೆ ಒಯ್ದೆ. ಆ ಹಿರಿಯರೇ ಎದುರು ಕೂತರು. ಈಗಿನ ಶೋಗಿಯಲ್ಲಿ ನಾನು ಅವರನ್ನು ಒಮ್ಮೆಯೂ ಸೋಲಿಸಿಲ್ಲ. ಮೊದಲ ಆಟದಲ್ಲಿ ಐದನೆಯ ಸಾಲಿನ ಮನೆ ಒಡೆದು ಕಾಲಾಳು ಗೆದ್ದೆ, ಕಡಿಯುತ್ತಾ ಹೋದೆ, ಅವರ ರಾಜ ಒಂಟಿಯಾದ. ಎರಡನೆಯದು ಅವರದು, ಒಮ್ಮೆ ನೋಡಿದ್ದನ್ನು ನನ್ನ ಮೇಲೆಯೇ ತಿರುಗಿಸಿದರು. ಮೂರನೆಯದು ನನ್ನದು, ಸುಮಾರು ತೊಂಬತ್ತು ನಡೆ. ಅವರು ಮುಚ್ಚಳದ ಒಳಗಿನ ಬರಹವನ್ನು ಕನ್ನಡಕ ತೆಗೆದು ಹತ್ತಿರದಿಂದ ಓದಿದರು, ಕೊನೆಯ ಸಾಲನ್ನು ಬೆರಳಿನಲ್ಲಿ ಮುಟ್ಟಿದರು. ಆಮೇಲೆ, "ಒಂದು ಜೋಡಣೆಗೆ ಎಷ್ಟು ತೆಗೆದುಕೊಳ್ಳುತ್ತೀರಿ?" ಎಂದು ಕೇಳಿದರು. ಇಪ್ಪತ್ತು ಸಾವಿರ ಯೆನ್ ಎಂದೆ, ಅಲ್ಲಿಯೇ ಎಣಿಸಿಕೊಟ್ಟರು.

ಆದರೆ ಅವರು ಎಂಟರ ಮಣೆಯನ್ನು ಒಪ್ಪಿಲ್ಲ. ಒಂಬತ್ತೇ ಸರಿ, ರಾಜನ ಎರಡೂ ಪಕ್ಕ ಚಿನ್ನ ಇರಲೇಬೇಕು ಎನ್ನುತ್ತಾರೆ. ಮೂವತ್ತೆರಡು ಕಾಯಿ ಒಣಗಿ ಸಿದ್ಧವಾಗಿವೆ. ಇನ್ನೆರಡು ಚಿನ್ನ, ಇನ್ನೆರಡು ಕಾಲಾಳು ಇಂದು ರಾತ್ರಿ ಬರೆಯುತ್ತೇನೆ.